ಕೊನೆಯ ಸಲ ಕುಡಿದದ್ದು ಯಾವಾಗ?

2020ರ ಮಾರ್ಚ್ 25ರ ಬೆಳಗ್ಗೆ ಇಡೀ ದೇಶ ಬಾಗಿಲು ಹಾಕಿಕೊಂಡಿತು. ಬಸ್ಸು, ಶಾಲೆ, ಹೋಟೆಲುಗಳ ಜೊತೆಗೆ ಮದ್ಯದಂಗಡಿಗಳೂ ಮುಚ್ಚಿದವು. ಜನರೆಲ್ಲ ಟಿವಿ ಮುಂದೆ ಕೂತು ಕೊರೊನಾ ಲೆಕ್ಕ ನೋಡುತ್ತಿದ್ದ ಆ ವಾರವೇ ಕರ್ನಾಟಕ ಮತ್ತು ಕೇರಳದ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಬೇರೆಯದೇ ಬಗೆಯ ರೋಗಿಗಳು ಬರತೊಡಗಿದರು. ಅವರ ಕೈ ನಡುಗುತ್ತಿತ್ತು, ಮೈ ಬೆವರುತ್ತಿತ್ತು. ಕೆಲವರಿಗೆ ಫಿಟ್ಸ್ ಬಂದಿತ್ತು. ಇನ್ನು ಕೆಲವರು ಗೋಡೆಯ ಮೇಲೆ ಹುಳು ಹರಿಯುತ್ತಿದೆ ಎಂದು ಹೌಹಾರುತ್ತಿದ್ದರು. ಆತ್ಮಹತ್ಯೆಯ ಸುದ್ದಿಗಳೂ ಬಂದವು. ಬೆಂಗಳೂರಿನಲ್ಲಿ ಇಂಥ ರೋಗಿಗಳ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್‌ನ ವೈದ್ಯರು ಬಳಿಕ ವೈದ್ಯಕೀಯ ಪತ್ರಿಕೆಯೊಂದರಲ್ಲಿ ದಾಖಲಿಸಿದರು.

ಕೇರಳ ಸರ್ಕಾರ ಗಾಬರಿಯಲ್ಲಿ ಒಂದು ಆದೇಶ ಹೊರಡಿಸಿತು. ವೈದ್ಯರು ಚೀಟಿ ಬರೆದುಕೊಟ್ಟರೆ ಅಂಥವರಿಗೆ ಅಬಕಾರಿ ಇಲಾಖೆಯ ಮೂಲಕ ಮದ್ಯ ಕೊಡಬಹುದು ಎಂದಿತು. ವೈದ್ಯರ ಸಂಘಟನೆಗಳು ಇದನ್ನು ಬಲವಾಗಿ ವಿರೋಧಿಸಿದವು. ಏಪ್ರಿಲ್ 2ರಂದು ಅಲ್ಲಿನ ಹೈಕೋರ್ಟ್ ಆದೇಶಕ್ಕೆ ತಡೆ ನೀಡಿತು. ಈ ತೊಂದರೆಗೆ ಮದ್ದು ಮದ್ಯವಲ್ಲ, ವೈದ್ಯಶಾಸ್ತ್ರದಲ್ಲಿ ಇದಕ್ಕೆ ಸರಿಯಾದ ಚಿಕಿತ್ಸೆ ಇದೆ ಎಂಬುದು ವೈದ್ಯರ ವಾದವಾಗಿತ್ತು.

ಚಿಕಿತ್ಸೆ ಇರುವುದು ನಿಜ, ಅದೂ ದುಬಾರಿಯದಲ್ಲ. ಡಯಾಜಿಪಾಮ್‌ನಂಥ ಹಳೆಯ ಮಾತ್ರೆಗಳು, ಥಯಾಮಿನ್ ಎಂಬ ಬಿ1 ಜೀವಸತ್ವ, ಕಣ್ಣಿಟ್ಟು ನೋಡಿಕೊಳ್ಳುವ ಒಬ್ಬ ನರ್ಸ್ ಇದ್ದರೆ ಬಹುಪಾಲು ರೋಗಿಗಳನ್ನು ಉಳಿಸಬಹುದು. ಆದರೆ ಆ ವಾರ ತುರ್ತು ವಿಭಾಗಗಳಲ್ಲಿ ಕರ್ತವ್ಯದಲ್ಲಿದ್ದ ಎಷ್ಟು ವೈದ್ಯರಿಗೆ ಇದನ್ನು ಯಾರಾದರೂ ಕೈಹಿಡಿದು ಕಲಿಸಿದ್ದರು?

ಲಾಕ್‌ಡೌನ್ ಇಲ್ಲದ ದಿನಗಳಲ್ಲೂ ತಾಲ್ಲೂಕು ಆಸ್ಪತ್ರೆಗಳ ಮೂಳೆ ವಿಭಾಗದಲ್ಲಿ ಮತ್ತೆ ಮತ್ತೆ ನಡೆಯುವ ಪ್ರಸಂಗವೊಂದಿದೆ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ನಲವತ್ತರ ಗಂಡಸು ದಾಖಲಾಗುತ್ತಾನೆ. ಮೊದಲ ದಿನ ಎಲ್ಲ ಸರಿಯಿರುತ್ತದೆ. ಎರಡನೆಯ ದಿನ ನಿದ್ದೆಯಿಲ್ಲ, ನಾಡಿಬಡಿತ ಜೋರು. ಮೂರನೆಯ ರಾತ್ರಿ ಸಲೈನ್ ಪೈಪು ಕಿತ್ತೆಸೆದು, ಬ್ಯಾಂಡೇಜು ಕಟ್ಟಿದ ಕಾಲಲ್ಲೇ ಎದ್ದು ಓಡಲು ನೋಡುತ್ತಾನೆ. ಹೆಂಡತಿಯ ಗುರುತು ಹತ್ತುವುದಿಲ್ಲ. 'ತಲೆ ಕೆಟ್ಟಿದೆ' ಎಂದು ಪಕ್ಕದ ಹಾಸಿಗೆಯವರು ಹೇಳುತ್ತಾರೆ. ಕೈಕಾಲು ಕಟ್ಟಿಹಾಕಿ ಬೆಳಗ್ಗೆ ಜಿಲ್ಲಾಸ್ಪತ್ರೆಗೆ ಕಳುಹಿಸುತ್ತಾರೆ. ಪೆಟ್ಟು ತಲೆಗೂ ಬಿದ್ದಿರಬೇಕೆಂದು ಸ್ಕ್ಯಾನ್ ಬರೆಯುವುದುಂಟು. ಇಷ್ಟರಲ್ಲಿ ಅವನು ದಿನಾ ಎಷ್ಟು ಕುಡಿಯುತ್ತಿದ್ದ, ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಯಾರೂ ಕೇಳಿರುವುದಿಲ್ಲ.

ಮೈಯೊಳಗೆ ನಡೆಯುವುದು ಇಷ್ಟು. ಮದ್ಯ ಮಿದುಳನ್ನು ಮಂದಗೊಳಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿದಾಗ ಮಿದುಳು ಆ ಮಂದತೆಗೆ ಎದುರಾಗಿ ತನ್ನ ಉದ್ರೇಕದ ಬಲವನ್ನು ಹೆಚ್ಚಿಸಿಕೊಂಡು ಒಂದು ಸಮತೋಲಕ್ಕೆ ಬಂದಿರುತ್ತದೆ. ಮದ್ಯ ಥಟ್ಟನೆ ನಿಂತರೆ ಒಂದು ಕಡೆಯ ಭಾರ ಇಲ್ಲವಾಗಿ, ಎತ್ತರಿಸಿಕೊಂಡ ಉದ್ರೇಕ ಮಾತ್ರ ಉಳಿಯುತ್ತದೆ. ಆರೇಳು ಗಂಟೆಗೆ ನಡುಕ ಶುರುವಾಗುತ್ತದೆ, ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನಕ್ಕೆ ಸನ್ನಿ ಹಿಡಿಯಬಹುದು. ಈ ಸನ್ನಿಗೆ ಡೆಲಿರಿಯಮ್ ಟ್ರೆಮೆನ್ಸ್ ಎಂದು 1813ರಲ್ಲೇ ಹೆಸರಿಟ್ಟವನು ಥಾಮಸ್ ಸಟನ್ ಎಂಬ ಇಂಗ್ಲಿಷ್ ವೈದ್ಯ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು.

ಇದರ ಪಕ್ಕದಲ್ಲೇ ಇನ್ನೊಂದು ಅಪಾಯ ಕಾದಿರುತ್ತದೆ. ಬಹಳ ಕುಡಿಯುವವರು ಸರಿಯಾಗಿ ಉಣ್ಣುವುದಿಲ್ಲ. ಅವರ ಮೈಯಲ್ಲಿ ಥಯಾಮಿನ್ ಖಾಲಿಯಾಗಿರುತ್ತದೆ. ಸುಸ್ತಾಗಿ ಬಂದವರಿಗೆ ನಮ್ಮ ಆಸ್ಪತ್ರೆಗಳಲ್ಲಿ ಮೊದಲು ಏರಿಸುವುದು ಗ್ಲೂಕೋಸ್. ಆ ಗ್ಲೂಕೋಸನ್ನು ಅರಗಿಸಲು ಥಯಾಮಿನ್ ಬೇಕು. ಉಳಿದಿದ್ದ ಅಷ್ಟಿಷ್ಟೂ ಅದಕ್ಕೇ ಕರಗಿದರೆ ಮಿದುಳಿನ ಕೆಲವು ಭಾಗಗಳು ಹಾಳಾಗುತ್ತವೆ. ಕಣ್ಣಿನ ಚಲನೆ ತಪ್ಪುತ್ತದೆ, ನಡಿಗೆ ತೂರಾಡುತ್ತದೆ, ಗೊಂದಲ ಕವಿಯುತ್ತದೆ. 1881ರಲ್ಲಿ ಕಾರ್ಲ್ ವರ್ನಿಕೆ ವಿವರಿಸಿದ ಈ ಸ್ಥಿತಿಯನ್ನು ಆಗಲೇ ಗುರುತಿಸಿ ಥಯಾಮಿನ್ ಚುಚ್ಚದಿದ್ದರೆ ನೆನಪಿನ ಶಕ್ತಿಯೇ ಹೋಗಿಬಿಡಬಹುದು. ಗ್ಲೂಕೋಸಿಗೆ ಮುಂಚೆ, ಇಲ್ಲವೇ ಅದರ ಜೊತೆಗೇ, ಥಯಾಮಿನ್ ಕೊಡಬೇಕು ಎಂಬ ಒಂದು ಸಾಲಿನ ತಿಳಿವಳಿಕೆ ಒಬ್ಬ ಮನುಷ್ಯನ ಉಳಿದ ಆಯಸ್ಸನ್ನು ಕಾಯುತ್ತದೆ.

ಈ ಸಾಲು ಪಠ್ಯಪುಸ್ತಕದಲ್ಲಿಲ್ಲವೇ? ಇದೆ. ಎಂಬಿಬಿಎಸ್‌ನ ಸುಮಾರು ಐದೂವರೆ ವರ್ಷಗಳಲ್ಲಿ ಮನೋವೈದ್ಯಕೀಯ ವಿಭಾಗದಲ್ಲಿ ಕಳೆಯುವ ಕಾಲ ಕೆಲವೇ ವಾರ. ಅಂತಿಮ ಪರೀಕ್ಷೆಯಲ್ಲಿ ಅದಕ್ಕೆ ಪ್ರತ್ಯೇಕ ಪ್ರಶ್ನೆಪತ್ರಿಕೆಯಿಲ್ಲ, ಮೆಡಿಸಿನ್ ಪತ್ರಿಕೆಯೊಳಗೇ ಅದರದೊಂದು ಪಾಲು. ಆ ಪಾಲಿನೊಳಗೆ ವ್ಯಸನದ್ದು ಇನ್ನೂ ಸಣ್ಣ ಚೂರು. ಕುಡಿತದಿಂದ ಕೆಡುವ ಯಕೃತ್ತಿನ ಬಗ್ಗೆ ವಿದ್ಯಾರ್ಥಿ ಪುಟಗಟ್ಟಲೆ ಬರೆಯಬಲ್ಲ. ಆ ಯಕೃತ್ತು ಹೊತ್ತ ಮನುಷ್ಯನ ಜೊತೆ ಕುಡಿತದ ಬಗ್ಗೆ ಐದು ನಿಮಿಷ ಹೇಗೆ ಮಾತಾಡಬೇಕೆಂಬುದನ್ನು ಮಾತ್ರ ಅವನಿಗೆ ಯಾರೂ ಮಾಡಿ ತೋರಿಸಿರುವುದಿಲ್ಲ.

ಇದು ಎಷ್ಟು ಜನರ ಪ್ರಶ್ನೆ ಎಂಬುದಕ್ಕೆ ಲೆಕ್ಕವಿದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಕುಡಿತದ ತೊಂದರೆಗಾಗಿ ನೆರವು ಬೇಕು. ಮದ್ಯದ ಮೇಲೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದಿರುವಾಗ ಉಳಿದ 37 ಮಂದಿಯನ್ನು ನೋಡಬೇಕಾದವರು ಊರಿನ ಸಾಮಾನ್ಯ ವೈದ್ಯರೇ. ಹೊಟ್ಟೆನೋವು, ಬಿ.ಪಿ., ನಿದ್ರಾಹೀನತೆ, ಗಾಯ ಎಂದು ಅವರ ಮುಂದೆ ಈ ಜನ ಈಗಾಗಲೇ ಬಂದು ಕೂತಿದ್ದಾರೆ.

ಸಾಮಾನ್ಯ ವೈದ್ಯರಿಗೆ ಮನಸ್ಸಿನ ಕಾಯಿಲೆಗಳ ಚಿಕಿತ್ಸೆ ಕಲಿಸಬಹುದು ಎಂಬುದನ್ನು ದೇಶಕ್ಕೆ ಮಾಡಿ ತೋರಿಸಿದ ನೆಲ ಬಳ್ಳಾರಿ. 1985ರಿಂದ 1990ರವರೆಗೆ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಸಿಬ್ಬಂದಿಗೆ ತರಬೇತಿ ಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೆ ತರಬೇತಿ ಪಡೆದ ವೈದ್ಯರು ವರ್ಗವಾಗುತ್ತಾರೆ, ಕಲಿತದ್ದು ಬಳಕೆಯಿಲ್ಲದೆ ಮಸುಕಾಗುತ್ತದೆ, ಕಷ್ಟದ ರೋಗಿ ಎದುರಾದಾಗ ಕೇಳಲು ಯಾರೂ ಇರುವುದಿಲ್ಲ. ಇಂಥ ಎಲ್ಲ ಕಾರ್ಯಕ್ರಮಗಳನ್ನೂ ಕಾಡಿದ ಕೊರತೆ ಇದೇ.

ಉಪನ್ಯಾಸ ಕೇಳಿಸಿ ವೈದ್ಯರ ರೂಢಿ ಬದಲಿಸಲಾಗದು ಎಂಬುದು ಸಂಶೋಧನೆಗೂ ಗೊತ್ತಿರುವ ವಿಷಯ. ವೈದ್ಯರ ಮುಂದುವರಿದ ಶಿಕ್ಷಣದ ಅಧ್ಯಯನಗಳನ್ನು ಡೇವ್ ಡೇವಿಸ್ ಮತ್ತು ಸಂಗಡಿಗರು 1999ರಲ್ಲಿ ಒಟ್ಟುಮಾಡಿ ನೋಡಿದರು. ಬರೀ ಭಾಷಣದ ಸಭೆಗಳಿಂದ ಚಿಕಿತ್ಸೆಯ ರೀತಿ ಬದಲಾಗಲಿಲ್ಲ. ಕೈಯಾರೆ ಮಾಡಿಸುವ, ಚರ್ಚೆಗೆ ಎಡೆಯಿರುವ ತರಬೇತಿಯಿಂದ ಬದಲಾವಣೆ ಕಂಡಿತು. ಅಮೆರಿಕದ ಬಾಸ್ಟನ್‌ನಲ್ಲಿ ಎರಡು ದಶಕಗಳಿಂದ ನಡೆಯುತ್ತಿರುವ ಒಂದು ತರಬೇತಿಯ ಜಾಣತನ ಇಲ್ಲಿ ಕಾಣುತ್ತದೆ. ಅಲ್ಲಿ ಆರಿಸಿಕೊಳ್ಳುವುದು ಮುಖ್ಯ ರೆಸಿಡೆಂಟ್‌ಗಳನ್ನು, ಅಂದರೆ ಕಿರಿಯ ವೈದ್ಯರಿಗೆ ದಿನವೂ ವಾರ್ಡಿನಲ್ಲಿ ಪಾಠ ಹೇಳುವವರನ್ನು. ಕೆಲವು ದಿನ ಆಸ್ಪತ್ರೆಯಿಂದ ಹೊರಗೆ ಕರೆದೊಯ್ದು ವ್ಯಸನವೊಂದನ್ನೇ ಕಲಿಸುತ್ತಾರೆ. ಚೇತರಿಸಿಕೊಂಡವರ ಬಾಯಿಂದಲೇ ಅವರ ಕಥೆ ಕೇಳಿಸುತ್ತಾರೆ. ಮರಳಿ ಹೋಗಿ ತನ್ನ ಆಸ್ಪತ್ರೆಯಲ್ಲಿ ಏನು ಕಲಿಸುತ್ತೇನೆ ಎಂಬ ಯೋಜನೆಯನ್ನು ಪ್ರತಿಯೊಬ್ಬರೂ ಅಲ್ಲೇ ಬರೆಯಬೇಕು. ತಿಂಗಳುಗಳ ನಂತರ ವಿಚಾರಿಸಿದಾಗ ಅವರ ಧೈರ್ಯ ಇಳಿದಿರಲಿಲ್ಲ, ಪಾಠವೂ ನಿಂತಿರಲಿಲ್ಲ.

ನಿಮ್ಹಾನ್ಸ್ ಆಯ್ದುಕೊಂಡ ದಾರಿ ಬೇರೆ, ಅದರ ಬೇರು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿದೆ. ಅಲ್ಲಿ ಯಕೃತ್ತಿನ ತಜ್ಞರಾಗಿದ್ದ ಭಾರತ ಮೂಲದ ಸಂಜೀವ್ ಅರೋರ ಅವರ ಕ್ಲಿನಿಕ್ಕಿನಲ್ಲಿ ಹೆಪಟೈಟಿಸ್ ಸಿ ರೋಗಿಗಳು ಎಂಟು ತಿಂಗಳು ಕಾಯಬೇಕಿತ್ತು. ರೋಗಿಗಳನ್ನು ತನ್ನ ಬಳಿಗೆ ಕರೆಸುವ ಬದಲು ತಿಳಿವಳಿಕೆಯನ್ನೇ ದೂರದ ಊರುಗಳ ವೈದ್ಯರಿಗೆ ಮುಟ್ಟಿಸೋಣ ಎಂದು ಅವರು 2003ರಲ್ಲಿ ಎಕೋ ಎಂಬ ಯೋಜನೆ ಶುರುಮಾಡಿದರು. ವಾರಕ್ಕೊಮ್ಮೆ ಹಳ್ಳಿಯ ವೈದ್ಯರೆಲ್ಲ ವೀಡಿಯೊದಲ್ಲಿ ಕೂಡುತ್ತಿದ್ದರು, ತಂತಮ್ಮ ರೋಗಿಯ ಸಮಸ್ಯೆ ಮುಂದಿಡುತ್ತಿದ್ದರು. 2011ರಲ್ಲಿ ಪ್ರಕಟವಾದ 407 ರೋಗಿಗಳ ಅಧ್ಯಯನದಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಗುಣವಾದವರು ಶೇ 57.5, ಹಳ್ಳಿಯ ವೈದ್ಯರ ಕೈಯಲ್ಲಿ ಗುಣವಾದವರು ಶೇ 58.2.

ಈ ಪದ್ಧತಿಯನ್ನು ನಮ್ಮಲ್ಲಿ ವ್ಯಸನ ಚಿಕಿತ್ಸೆಗೆ ಒಗ್ಗಿಸಿಕೊಂಡದ್ದು ಬೆಂಗಳೂರಿನ ನಿಮ್ಹಾನ್ಸ್. 2016ರ ಏಪ್ರಿಲ್‌ನಲ್ಲಿ ಬಿಹಾರ ಪಾನನಿಷೇಧ ಜಾರಿಗೆ ತರುವ ಹೊತ್ತಿಗೆ ಅಲ್ಲಿನ ಜಿಲ್ಲೆಗಳ ವೈದ್ಯರು ತರಬೇತಿಗೆಂದು ಬೆಂಗಳೂರಿಗೆ ಬಂದಿದ್ದರು. ಊರಿಗೆ ಮರಳಿದ ಮೇಲೂ ಪ್ರಾಥಮಿಕ ವೈದ್ಯರ ಬೆನ್ನಿಗೆ ವೀಡಿಯೊ ಮೂಲಕ ನಿಲ್ಲಬಹುದೇ ಎಂಬುದನ್ನು ನಿಮ್ಹಾನ್ಸ್ ತಂಡ ಪರೀಕ್ಷಿಸಿ ನೋಡಿತು. ಛತ್ತೀಸಗಢದ ದೂರದ ಜಿಲ್ಲೆಗಳ ಆಪ್ತಸಮಾಲೋಚಕರ ಜೊತೆಗೂ ಇಂಥದೇ ಪ್ರಯೋಗ ನಡೆಯಿತು. ವೈದ್ಯರು ತಮ್ಮ ಊರಿನಲ್ಲೇ ಇದ್ದು ಮೊಬೈಲಿನಲ್ಲೇ ಸೇರಿಕೊಳ್ಳಬಹುದು. ರೋಗಿಯ ಹೆಸರು ಹೇಳದೆ ಒಬ್ಬರು ಸಮಸ್ಯೆ ವಿವರಿಸುತ್ತಾರೆ. ಕುಡಿತ ಬಿಟ್ಟು ಮೂರು ವಾರವಾಗಿದೆ, ನಿದ್ದೆಯಿಲ್ಲ, ಮಾತ್ರೆ ಮುಂದುವರಿಸಲೇ? ಮೊದಲು ಬಾಯಿಬಿಡುವವರು ಸಹೋದ್ಯೋಗಿಗಳು, ಆಮೇಲೆ ತಜ್ಞರು. ಒಬ್ಬರ ರೋಗಿ ಎಲ್ಲರ ಪಾಠವಾಗುತ್ತಾನೆ. ಮುಂದಿನ ಸಲ 'ಆತ ಹೇಗಿದ್ದಾನೆ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಲಿಕೆಯನ್ನು ಹಿಡಿದಿಡುವುದು ಆ ಪ್ರಶ್ನೆಯೇ ಎಂದರೆ ತಪ್ಪಾಗದು.

ತರಬೇತಿಯನ್ನು ಬೇಲಿಯಾಗಿ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವೇ ಇನ್ನೊಂದು ಪಾಠ. ಹೆರಾಯಿನ್‌ನಂಥ ಅಫೀಮಿನ ವ್ಯಸನಕ್ಕೆ ಬ್ಯುಪ್ರಿನಾರ್ಫಿನ್ ಒಳ್ಳೆಯ ಔಷಧ. ಅದನ್ನು ಬರೆಯಬೇಕೆಂದರೆ ವೈದ್ಯರು ಎಂಟು ಗಂಟೆಯ ತರಬೇತಿ ಮುಗಿಸಿ ವಿಶೇಷ ಪರವಾನಗಿ ಪಡೆಯಬೇಕೆಂದು 2000ದ ಕಾನೂನು ಹೇಳಿತು. ಬಹಳಷ್ಟು ವೈದ್ಯರು ಅದರ ಗೊಡವೆಗೇ ಹೋಗಲಿಲ್ಲ. ಪರವಾನಗಿ ಪಡೆದವರಲ್ಲೂ ಎಷ್ಟೋ ಮಂದಿ ಔಷಧ ಬರೆಯಲಿಲ್ಲ. ಅತ್ತ ಫ್ರಾನ್ಸ್ 1990ರ ದಶಕದ ನಡುವಿನಲ್ಲಿ ಸಾಮಾನ್ಯ ವೈದ್ಯರಿಗೆಲ್ಲ ಆ ಔಷಧ ಬರೆಯುವ ಅವಕಾಶ ಕೊಟ್ಟಿತು. 1995ರಿಂದ 1999ರೊಳಗೆ ಅಲ್ಲಿ ಮಾದಕವಸ್ತು ಮಿತಿಮೀರಿ ಸಾಯುವವರ ಸಂಖ್ಯೆ ಶೇ 79ರಷ್ಟು ಇಳಿಯಿತು. ಅಮೆರಿಕ ಕೊನೆಗೆ 2022ರ ಡಿಸೆಂಬರ್‌ನಲ್ಲಿ ಆ ಪರವಾನಗಿಯನ್ನು ರದ್ದುಮಾಡಿತು. ಎಂಟು ಗಂಟೆಯ ತರಬೇತಿಯನ್ನು ಮಾತ್ರ ಬಿಡಲಿಲ್ಲ. 2023ರ ಜೂನ್‌ನಿಂದ, ನಿಯಂತ್ರಿತ ಔಷಧಗಳನ್ನು ಬರೆಯುವ ಬಹುತೇಕ ಎಲ್ಲ ವೈದ್ಯರೂ ನೋಂದಣಿಯ ವೇಳೆ ಅದನ್ನು ಒಮ್ಮೆ ಮುಗಿಸಿರಬೇಕು. ಕೆಲವರನ್ನಷ್ಟೇ ಒಳಗೆ ಬಿಡಲು ಇದ್ದ ಪಾಠ ಎಲ್ಲರಿಗೂ ಬರಲೇಬೇಕಾದ ಪಾಠವಾಯಿತು. ನಮ್ಮಲ್ಲೂ ವ್ಯಸನದ ತರಬೇತಿ ಆಸಕ್ತರ ಐಚ್ಛಿಕ ವಿಷಯವಾಗಿ ಉಳಿಯಬಾರದು.

ಇಷ್ಟಾಗಿಯೂ ಔಷಧದ ಪ್ರಮಾಣವನ್ನು ಪುಸ್ತಕ ತೆಗೆದು ನೋಡಿ ತಿಳಿಯಬಹುದು. ಪುಸ್ತಕ ಕೊಡಲಾಗದ್ದು ಇನ್ನೊಂದಿದೆ. 'ಕುಡುಕ' ಎಂಬ ಪದವನ್ನೇ ತೆಗೆದುಕೊಳ್ಳಿ. ಕೇಸ್ ಶೀಟಿನಲ್ಲಿ ಬರೆಯದಿದ್ದರೂ ವಾರ್ಡಿನಲ್ಲಿ ಅದು ಓಡಾಡುತ್ತದೆ. 'ಚಟ' ಎಂದ ಕೂಡಲೇ ತಪ್ಪೆಲ್ಲ ರೋಗಿಯದು, ಬಿಡುವುದು ಬಿಡದಿರುವುದು ಅವನ ಮನಸ್ಸು ಎಂಬ ತೀರ್ಪೂ ಬಂದುಬಿಡುತ್ತದೆ. ಜಾನ್ ಕೆಲ್ಲಿ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮಾನಸಿಕ ಆರೋಗ್ಯ ಕ್ಷೇತ್ರದ 500ಕ್ಕೂ ಹೆಚ್ಚು ಚಿಕಿತ್ಸಕರಿಗೆ ಒಂದೇ ರೋಗಿಯ ವಿವರ ಕೊಟ್ಟರು. ಅರ್ಧ ಜನರ ಹಾಳೆಯಲ್ಲಿ ಅವನನ್ನು ಮಾದಕವಸ್ತು ದುರ್ಬಳಸುವವನು ಎಂದಿತ್ತು, ಉಳಿದವರ ಹಾಳೆಯಲ್ಲಿ ಮಾದಕವಸ್ತು ಬಳಕೆಯ ಕಾಯಿಲೆಯಿರುವವನು ಎಂದಿತ್ತು. ಮೊದಲ ಗುಂಪಿನವರು ಅವನನ್ನು ಹೆಚ್ಚು ತಪ್ಪಿತಸ್ಥನೆಂದೂ ದಂಡನೆಗೆ ತಕ್ಕವನೆಂದೂ ಕಂಡರು. ಇವರೆಲ್ಲ ಈ ಕೆಲಸದಲ್ಲೇ ಪಳಗಿದವರು. ಒಂದು ಪದ ಅವರನ್ನೇ ಇಷ್ಟು ಅಲುಗಿಸಿದರೆ, ದಣಿದು ರಾತ್ರಿ ಪಾಳಿಯಲ್ಲಿ ಕೂತ ಕಿರಿಯ ವೈದ್ಯನನ್ನು ಎಷ್ಟು ಅಲುಗಿಸೀತು?

ಒಳ್ಳೆಯ ತರಬೇತಿಯಲ್ಲಿ ಪ್ರಶ್ನೆ ಕೇಳುವುದನ್ನೇ ಅಭ್ಯಾಸ ಮಾಡಿಸುತ್ತಾರೆ. 'ಕುಡೀತೀಯಾ?' ಎಂದರೆ ಬರುವ ಉತ್ತರ 'ಇಲ್ಲ' ಅಥವಾ 'ಯಾವಾಗಾದರೊಮ್ಮೆ'. 'ದಿನಕ್ಕೆ ಎಷ್ಟು ನೈಂಟಿ ಆಗುತ್ತೆ?' ಎಂದು ಅವನ ಮಾತಿನಲ್ಲೇ, ಸಹಜವಾಗಿ ಕೇಳಿದರೆ ಲೆಕ್ಕ ಹೊರಬರುತ್ತದೆ. 90 ಮಿ.ಲೀ. ಪೊಟ್ಟಣದಲ್ಲಿರುವ ಶುದ್ಧ ಆಲ್ಕೋಹಾಲು ಸುಮಾರು 30 ಗ್ರಾಂ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಮೂರು ಡ್ರಿಂಕ್. ಸಂಜೆಗೊಂದು ಕ್ವಾರ್ಟರ್ ಎನ್ನುವವನು ದಿನಾ ಆರು ಡ್ರಿಂಕ್ ಕುಡಿಯುತ್ತಿದ್ದಾನೆ. ಈ ಲೆಕ್ಕವನ್ನು ಕೇಳಿ ರೋಗಿಯೇ ಬೆರಗಾಗುವುದುಂಟು. ಆ ಬೆರಗಿನ ಗಳಿಗೆಯಲ್ಲಿ ಬುದ್ಧಿ ಹೇಳಬಾರದು, 'ಇದರ ಬಗ್ಗೆ ನಿಮಗೇನನ್ನಿಸುತ್ತೆ?' ಎಂದು ಕೇಳಬೇಕು. ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂಬ ಈ ಮಾತಿನ ವಿಧಾನವನ್ನು 1983ರಲ್ಲಿ ಮೊದಲು ಬರೆದಿಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್. ನಾರ್ವೆಯಲ್ಲಿದ್ದಾಗ ಅಲ್ಲಿನ ಯುವ ಚಿಕಿತ್ಸಕರು ಒಂದೊಂದು ಮಾತಿಗೂ 'ಇದನ್ನೇ ಏಕೆ ಕೇಳಿದಿರಿ?' ಎಂದು ಅವರನ್ನು ನಿಲ್ಲಿಸಿ ಕೇಳುತ್ತಿದ್ದರಂತೆ. ಉತ್ತರ ಹುಡುಕುತ್ತ ಹೋದಾಗ ಈ ವಿಧಾನಕ್ಕೆ ರೂಪ ಬಂತು.

ನಮ್ಮ ಊರುಗಳಲ್ಲಿ ತರಬೇತಿಯ ಬೆಲೆ ತಟ್ಟನೆ ಕಾಣುವ ಇನ್ನೊಂದು ಜಾಗವಿದೆ. ಹೆಂಡತಿಯೋ ತಾಯಿಯೋ ಒಬ್ಬಳೇ ಬಂದು ಕೂರುತ್ತಾಳೆ. 'ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಹಾಕೋ ಮಾತ್ರೆ ಕೊಡಿ ಡಾಕ್ಟ್ರೇ.' ಬಸ್ ನಿಲ್ದಾಣದ ಗೋಡೆಬರಹಗಳೂ ಇದೇ ಆಸೆ ಹುಟ್ಟಿಸಿರುತ್ತವೆ. ಅವಳು ಕೇಳುತ್ತಿರುವ ಔಷಧ ಹೆಚ್ಚಾಗಿ ಡೈಸಲ್ಫಿರಾಮ್. 1940ರ ದಶಕದಲ್ಲಿ ಡೆನ್ಮಾರ್ಕಿನ ಎರಿಕ್ ಯಾಕೋಬ್ಸೆನ್ ಮತ್ತು ಯೆನ್ಸ್ ಹಾಲ್ಡ್ ಹೊಟ್ಟೆಹುಳುವಿಗೆ ಮದ್ದು ಹುಡುಕುತ್ತ ಅದನ್ನು ತಾವೇ ನುಂಗಿ, ಮದ್ಯ ಮುಟ್ಟಿದಾಗ ಮೈ ಕೆಟ್ಟದ್ದರಿಂದ ಅದರ ಗುಣ ಕಂಡುಕೊಂಡರು. ಆ ಮಾತ್ರೆ ಒಳಗಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ತಿಳಿದು ಒಪ್ಪಿಕೊಂಡವನಿಗೆ ಅದು ಊರುಗೋಲು. ತಿಳಿಯದೆ ಉಂಡು, ಸಂಜೆ ಎಂದಿನಷ್ಟು ಕುಡಿದವನ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ತರಬೇತಿಯಿಲ್ಲದ ವೈದ್ಯ ಕನಿಕರಪಟ್ಟು ಬರೆದುಕೊಟ್ಟಾನು, ಇಲ್ಲವೇ 'ನಮ್ಮ ಕೈಲಾಗಲ್ಲಮ್ಮ' ಎಂದು ಕಳುಹಿಸಿಯಾನು. ಕಲಿತವರು ಆ ಹೆಂಗಸನ್ನೇ ಮೊದಲ ರೋಗಿಯಾಗಿ ನೋಡುತ್ತಾರೆ. ಮನೆಯಲ್ಲಿ ಹೊಡೆತವಿದೆಯೇ, ಮಕ್ಕಳು ಹೇಗಿದ್ದಾರೆ, ಅವಳಿಗೆ ನಿದ್ದೆ ಬರುತ್ತಿದೆಯೇ ಎಂದು ವಿಚಾರಿಸುತ್ತಾರೆ. ಗಂಡ ಬೇರೆ ಯಾವ ನೆಪದಲ್ಲಾದರೂ ಆಸ್ಪತ್ರೆಗೆ ಬಂದಾನೇ ಎಂದು ಜೊತೆಗೂಡಿ ಯೋಚಿಸುತ್ತಾರೆ.

ತರಬೇತಿ ನಿಜಕ್ಕೂ ಬೇರೂರಿದೆಯೇ ಎಂಬುದು ತಿಳಿಯುವುದು ಕುಡಿತ ಬಿಟ್ಟವನು ಮತ್ತೆ ಕುಡಿದು ಬಂದಾಗ. ಕುಟುಂಬಕ್ಕೆ ಅದು ಮಾತು ತಪ್ಪಿದಂತೆ. ವೈದ್ಯರಿಗೂ ಎಷ್ಟೋ ಸಲ ಹಾಗೇ ಅನಿಸುತ್ತದೆ. ಥಾಮಸ್ ಮೆಕ್‌ಲೆಲನ್ ಮತ್ತಿತರರು 2000ದಲ್ಲಿ ಪ್ರಕಟಿಸಿದ, ಇಂದಿಗೂ ಪಾಠದಲ್ಲಿ ಬರುವ ಲೇಖನವೊಂದು ವ್ಯಸನವನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಸ್ತಮಾಗಳ ಪಕ್ಕದಲ್ಲಿಟ್ಟು ನೋಡಿತು. ಚಿಕಿತ್ಸೆಯ ನಂತರ ಒಂದು ವರ್ಷದೊಳಗೆ ವ್ಯಸನ ಮರುಕಳಿಸುವುದು ಶೇ 40ರಿಂದ 60ರಷ್ಟು ಜನರಲ್ಲಿ. ರಕ್ತದೊತ್ತಡ ಮತ್ತು ಅಸ್ತಮಾಗಳಲ್ಲಿ ಪ್ರತಿವರ್ಷ ಶೇ 50ರಿಂದ 70ರಷ್ಟು ಜನರಿಗೆ ತೊಂದರೆ ಉಲ್ಬಣಿಸುತ್ತದೆ. ಹಬ್ಬದಲ್ಲಿ ಹೋಳಿಗೆ ತಿಂದು ಸಕ್ಕರೆ ಏರಿಸಿಕೊಂಡು ಬಂದವರನ್ನು ಯಾವ ವೈದ್ಯರೂ ಹೊರಗಟ್ಟುವುದಿಲ್ಲ, ಮಾತ್ರೆ ಸರಿಪಡಿಸುತ್ತಾರೆ. ಈ ತಾಳ್ಮೆ ಎರಡು ದಿನದ ಕಾರ್ಯಾಗಾರದಲ್ಲಿ ಬರುವಂಥದ್ದಲ್ಲ. ಮೂರು ಸಲ ಜಾರಿದವನು ನಾಲ್ಕನೆಯ ಸಲ ನಿಂತದ್ದನ್ನು ಕಣ್ಣಾರೆ ಕಂಡಾಗ ಬರುತ್ತದೆ. ಅದನ್ನು ಕಾಣುವವರೆಗೆ ಕೈಬಿಡದಂತೆ ಹಿಡಿದಿಡಲು ಇನ್ನೊಬ್ಬ ಅನುಭವಿಯ ದನಿ ಬೇಕಾಗುತ್ತದೆ.

ಹಾಗೆ ಕಲಿತ ವೈದ್ಯರೊಬ್ಬರು ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಬಂದರೆ ದೊಡ್ಡ ಬೋರ್ಡೇನೂ ಏಳುವುದಿಲ್ಲ. ಬದಲಾಗುವುದು ದಾಖಲಾತಿಯ ಹಾಳೆ. ರಾತ್ರಿ ಹತ್ತಕ್ಕೆ ಕಾಲು ಮುರಿದುಕೊಂಡು ಬಂದವನ ಹೆಸರು, ವಯಸ್ಸು, ಬಿ.ಪಿ. ಬರೆದ ಮೇಲೆ ನರ್ಸ್ ತಲೆಯೆತ್ತಿ, ದನಿಯಲ್ಲಿ ಯಾವ ಏರಿಳಿತವೂ ಇಲ್ಲದೆ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದಷ್ಟೇ ಸಹಜವಾಗಿ ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಕೇಳುತ್ತಾರೆ. ಅವನು ಹೆಂಡತಿಯ ಮುಖ ನೋಡಿ, ನಿನ್ನೆ ಸಂಜೆ, ಎರಡು ಕ್ವಾರ್ಟರ್ ಎನ್ನುತ್ತಾನೆ. ಥಯಾಮಿನ್ ಚುಚ್ಚಿ ಆಮೇಲೆ ಸಲೈನ್ ಏರಿಸುತ್ತಾರೆ, ಡಯಾಜಿಪಾಮ್ ಶುರುವಾಗುತ್ತದೆ. ನಾಡಿ, ನಡುಕ, ಬೆವರುಗಳನ್ನು ಕೆಲವು ಗಂಟೆಗಳಿಗೊಮ್ಮೆ ನೋಡಿ ಗುರುತು ಹಾಕುತ್ತಾರೆ. ಮೂರನೆಯ ರಾತ್ರಿ ಅವನು ಅರೆಬರೆ ನಿದ್ದೆ ಮಾಡುತ್ತಾನೆ. ಬೆಳಗ್ಗೆ ರೌಂಡ್ಸಿಗೆ ಬಂದ ವೈದ್ಯರು ಮಂಚದ ಪಕ್ಕದ ಸ್ಟೂಲು ಎಳೆದುಕೊಂಡು ಕೂತಾಗ, ಪ್ಲಾಸ್ಟರು ಯಾವಾಗ ಬಿಚ್ಚುತ್ತೀರಿ ಎಂದು ಅವನೇ ಮಾತು ತೆಗೆಯುತ್ತಾನೆ.